ಮುರಕಲ್ಲು ಕೆನ್ನೆಗೇ ಯಾಕೆ ಅಂಟುತ್ತದೆ?

ಉಡುಪಿಯ ಮನೆಯ ಚಾವಡಿಯಲ್ಲಿ ದೊಡ್ಡಮ್ಮನನ್ನು ಕಿಟಕಿ ಪಕ್ಕ ಕೂರಿಸಿ ಒಂದು ಫೋಟೋ ತೆಗೆದಿದ್ದೆ. ಮುಡಿಯಲ್ಲಿ ಶಂಕರಪುರ ಮಲ್ಲಿಗೆ. ಹಳೇ ಕಾಲದ ಕಳೆ ಬರಲಿ ಅಂತ ಅದರ ಮೇಲೆ ಹಿತ್ತಲಿನ ಮುರಕಲ್ಲಿನ (ಮೈತುಂಬ ತೂತಿರುವ ಕೆಂಪು ಕಲ್ಲು) ಗೋಡೆಯ ಫೋಟೋ ಹಾಸಿ, ಬ್ಲೆಂಡ್ ಮೋಡ್, ಅಂದರೆ ಎರಡು ಫೋಟೋ ಬೆರೆಸುವ ವಿಧಾನ, ಓವರ್‌ಲೇ ಮಾಡಿ, ಹೆಮ್ಮೆಯಿಂದ ತೋರಿಸಿದೆ. "ಎಂತ ಮಗಾ ಇದು, ನನಗೆ ಸಿಡುಬು ಎದ್ದ ಹಾಗೆ ಉಂಟಲ್ಲ!" ಅಂದರು.

ಕ್ಯಾಮೆರಾ ಹುಚ್ಚಿನ ಗೆಳೆಯರನ್ನು ಕೇಳಿದರೆ ಉತ್ತರ ಒಂದೇ: ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ತಗೋ, 85 ಎಂಎಂ ಲೆನ್ಸ್ ತಗೋ. ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುವ ಊರಿದು, ಲೆನ್ಸನ್ನು ಬಿಡುತ್ತದಾ? ಮೊದಲು ಒಂದು ಬಿಗಿ ಮುಚ್ಚಳದ ಡಬ್ಬ, ಸಿಲಿಕಾ ಜೆಲ್ ತಗೊಳ್ಳಿ. ಅದಿರಲಿ, ದೊಡ್ಡಮ್ಮನ ಸಿಡುಬಿಗೂ ಕ್ಯಾಮೆರಾಕ್ಕೂ ಸಂಬಂಧವೇ ಇಲ್ಲ. ಅದು ಗುಣಾಕಾರದ ಆಟ.

ಹಿಂದೆ ಡಾರ್ಕ್‌ರೂಮಿನಲ್ಲಿ ಎರಡು ಫಿಲ್ಮ್ ಜೋಡಿಸಿ ಬೆಳಕು ಹಾಯಿಸುತ್ತಿದ್ದರು. ಮೊದಲನೆಯದು ಅರ್ಧ ಬೆಳಕು ಬಿಟ್ಟರೆ, ಎರಡನೆಯದು ಆ ಅರ್ಧದಲ್ಲಿ ಅರ್ಧ. ಉಳಿಯುವುದು ಕಾಲು. ಮಲ್ಟಿಪ್ಲೈ ಅನ್ನುವ ಬ್ಲೆಂಡ್ ಮೋಡ್ ಮಾಡುವುದೂ ಇದನ್ನೇ, ಅದಕ್ಕೇ ಅದರಲ್ಲಿ ಫೋಟೋ ಕಪ್ಪಾಗುತ್ತದೆ. ಪ್ರಿಂಟ್ ಕಾಗದದ ಮೇಲೆ ತೆಳು ಬಟ್ಟೆ ಹಾಸಿ ಅದರ ನೇಯ್ಗೆ ಮೂಡಿಸುವವರೂ ಇದ್ದರು. ಫೋಟೋಶಾಪಿಗೆ ಲೇಯರ್, ಅಂದರೆ ಒಂದರ ಮೇಲೊಂದು ಚಿತ್ರ ಹಾಸುವ ಪದರ, ಬಂದದ್ದು 1994ರಲ್ಲಿ. ಮೊಬೈಲ್ ಆಪ್‌ಗಳಿಂದಲೇ ಫೋಟೋ ಕೆಟ್ಟಿತು ಅಂತ ಗೊಣಗುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಓವರ್‌ಲೇ ಸ್ವಲ್ಪ ಜಾಣ. ಕಪ್ಪು 0, ಬಿಳಿ 1 ಅಂದುಕೊಳ್ಳಿ. ಮುಖದ ಕಪ್ಪು ಕಡೆಯ ಭಾಗದಲ್ಲಿ ಅದು ಎರಡನ್ನೂ ಗುಣಿಸಿ ಮತ್ತೆ 2ರಿಂದ ಗುಣಿಸುತ್ತದೆ. ಕೆನ್ನೆ 0.4, ಟೆಕ್ಸ್ಚರ್ (ಮೇಲೆ ಹಾಸಿದ ಗೋಡೆಯ ಫೋಟೋ) ಸರಿಯಾಗಿ ನಡು ಬೂದು, ಅಂದರೆ 0.5. ಗುಣಿಸಿ ನೋಡಿ: 0.4 ಹಾಗೇ ಉಳಿಯಿತು! ನಡು ಬೂದು ಮಾಯ. ತಕ್ಕಡಿಯ ಮುಳ್ಳು ನಡುವಿನಲ್ಲಿ ನಿಂತ ಹಾಗೆ. ಟೆಕ್ಸ್ಚರ್ 0.6 ಆದರೆ ಕೆನ್ನೆ 0.48, 0.3 ಆದರೆ 0.24. ಅಂದರೆ ಗೋಡೆ ಫೋಟೋಕ್ಕೆ ಇಳಿಯುವುದೇ ಇಲ್ಲ, ಬೂದಿನಿಂದ ಅದು ಎಷ್ಟು ಆಚೀಚೆ ಅನ್ನುವುದು ಮಾತ್ರ ಇಳಿಯುತ್ತದೆ. ಬಿಳಿ ಕಡೆಗೆ ಇದೇ ಲೆಕ್ಕ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುತ್ತದೆ.

ಈಗ ಮಜಾ ಭಾಗ. ಎರಡು ತೆಂಗಿನ ಮರಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದೀರಿ. ಗಾಳಿಗೆ ತುದಿಗಳು ಅಲ್ಲಾಡುವುದಿಲ್ಲ, ನಡುಭಾಗ ಜಾಸ್ತಿ ತೂಗುತ್ತದೆ. ಒಂದು ಮರ ಕಪ್ಪು, ಇನ್ನೊಂದು ಬಿಳಿ, ಗಾಳಿ ಅಂದರೆ ಟೆಕ್ಸ್ಚರ್. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ, ಹಾಗಾಗಿ ದೊಡ್ಡಮ್ಮನ ಕಪ್ಪು ಕೂದಲಿಗೆ ಏನೂ ಆಗಲಿಲ್ಲ. ಬೆಳ್ಳಗಿನ ಮಲ್ಲಿಗೆಗೂ ಆಗಲಿಲ್ಲ. ನಮ್ಮ ಊರಿನವರ ಮೈಬಣ್ಣ ಹೆಚ್ಚಾಗಿ ಹಗ್ಗದ ನಡುವಿನಲ್ಲೇ ಇರುತ್ತದೆ ಅಲ್ವಾ? ಪೂರ್ತಿ ಗಾಳಿ ಕೆನ್ನೆಗೇ ಬಡಿಯಿತು.

ಆದರೂ ಮುರಕಲ್ಲಿನಲ್ಲಿ ಇರುವುದು ತೂತು, ಗುಳ್ಳೆ ಅಲ್ಲವಲ್ಲ. (ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದು ಫ್ರಾನ್ಸಿಸ್ ಬುಕಾನನ್, 1807ರಲ್ಲಿ, ಮಲಬಾರಿನಲ್ಲಿ ಜನ ಅದನ್ನು ಇಟ್ಟಿಗೆಯ ಹಾಗೆ ಕಡಿಯುವುದನ್ನು ನೋಡಿ, ಲ್ಯಾಟಿನ್ನಿನಲ್ಲಿ 'ಲೇಟರ್' ಅಂದರೆ ಇಟ್ಟಿಗೆ.) ಬೆಳಕು ಯಾವಾಗಲೂ ಮೇಲಿನಿಂದ ಬರುತ್ತದೆ ಅಂತ ನಮ್ಮ ಮಿದುಳಿನ ಲೆಕ್ಕ. ಹಾಗಾಗಿ ನೆರಳು ಮೇಲಂಚಿನಲ್ಲಿದ್ದರೆ ತೂತು, ಕೆಳಗಡೆ ಇದ್ದರೆ ಗುಳ್ಳೆ. ನಾನು ಗೋಡೆಯ ಫೋಟೋವನ್ನು ಚೌಕಟ್ಟಿಗೆ ಕೂರಿಸಲು ತಲೆಕೆಳಗೆ ಮಾಡಿದ್ದೆ. ನೆರಳು ತೂತಿನ ಕೆಳಗಡೆಗೆ ಬಂತು, ತೂತೆಲ್ಲ ಉಬ್ಬಿದ ಗುಳ್ಳೆಯಾಗಿ ಕಂಡಿತು. ಚಂದ್ರನ ಕುಳಿಗಳ ಫೋಟೋ ತಿರುಗಿಸಿ ನೋಡಿ, ಗುಡ್ಡವಾಗುತ್ತವೆ.

ಆಮೇಲೆ ಗೋಡೆಯನ್ನು ಸರಿಯಾಗಿ ತಿರುಗಿಸಿದೆ. ಅದರ ಬಣ್ಣ ತೆಗೆದು, ಸರಾಸರಿ ಬೆಳಕನ್ನು ನಡು ಬೂದಿಗೆ ತಂದೆ. ಮುಖದ ಮೇಲೆ ಮಾತ್ರ ಟೆಕ್ಸ್ಚರನ್ನು ಮರೆಮಾಡುವ ಮಾಸ್ಕ್ ಹಾಕಿ ಮೆತ್ತನೆಯ ಬ್ರಶ್ಶಿನಿಂದ ಒರೆಸಿದೆ. ಹಿಂದಿನ ಗೋಡೆ, ಸೀರೆಯ ನೆರಿಗೆಗಳಲ್ಲಿ ಟೆಕ್ಸ್ಚರ್ ಉಳಿಯಿತು. ಪ್ರಿಂಟ್ ಕೊಟ್ಟಾಗ ದೊಡ್ಡಮ್ಮ ಕನ್ನಡಕ ಏರಿಸಿ ಕೆನ್ನೆಯನ್ನೇ ಮೊದಲು ನೋಡಿದರು. "ಈಗ ಅಡ್ಡಿಲ್ಲ" ಅಂದರು, "ಆದರೆ ಮಲ್ಲಿಗೆ ಒಂದು ಸಾಲು ಕಡಿಮೆ ಕಾಣ್ತದೆ."