ಶೇಕಡಾ 5ರ ಭ್ರಮೆ

ರಕ್ತದ ಕ್ಯಾನ್ಸರ್ ರೋಗಿಯ ಅಸ್ಥಿಮಜ್ಜೆಯ ವರದಿಯಲ್ಲಿ ‘ಬ್ಲಾಸ್ಟ್ (ಬಲಿಯದ ರಕ್ತಕೋಶ) ಶೇ 5ಕ್ಕಿಂತ ಕಡಿಮೆ’ ಎಂದು ಬಂದ ಕೂಡಲೇ ರೋಗ ವಾಸಿಯಾಯಿತೆಂದು ಹರಕೆ ತೀರಿಸಲು ಹೊರಡುವವರಿದ್ದಾರೆ. ಹರಕೆಗೆ ನನ್ನ ತಕರಾರಿಲ್ಲ. ಉಳಿದ ಕೀಮೋ ಸುತ್ತುಗಳನ್ನು ಕೈಬಿಟ್ಟು ನಾಟಿ ಔಷಧಿ ಹುಡುಕುವುದಕ್ಕೆ ಖಂಡಿತ ಇದೆ.

ತೀವ್ರ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಪತ್ತೆಯಾಗುವ ಹೊತ್ತಿಗೆ ದೇಹದಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕೋಶಗಳಿರುತ್ತವೆ. ಅವುಗಳಲ್ಲಿ ಶೇ 99.9 ಸತ್ತರೂ ನೂರು ಕೋಟಿ ಬಾಕಿ! ಆದರೆ ಎಷ್ಟು ಉಳಿದವು ಎನ್ನುವುದಕ್ಕಿಂತ ಯಾವುವು ಉಳಿದವು ಎನ್ನುವುದೇ ಹೆಚ್ಚು ಮುಖ್ಯ.

ಈ ಕಥೆ ನಡೆದದ್ದು ಬಹುಪಾಲು ಕೆನಡಾದ ಟೊರೊಂಟೊದಲ್ಲಿ. ಭೌತವಿಜ್ಞಾನಿ ಜೇಮ್ಸ್ ಟಿಲ್ ಮತ್ತು ವೈದ್ಯ ಅರ್ನೆಸ್ಟ್ ಮೆಕ್‌ಕಲಕ್ 1961ರಲ್ಲಿ, ವಿಕಿರಣಕ್ಕೆ ಒಡ್ಡಿದ ಇಲಿಗಳಿಗೆ ಮಜ್ಜೆಯ ಕೋಶಗಳನ್ನು ಚುಚ್ಚಿ, ಗುಲ್ಮದ ಮೇಲೆ ಎದ್ದ ಗಂಟುಗಳನ್ನು ಎಣಿಸಿದರು. ರಕ್ತದ ಕಾಂಡಕೋಶಗಳ, ಅಂದರೆ ಎಲ್ಲ ರಕ್ತಕೋಶಗಳನ್ನು ಹುಟ್ಟಿಸುವ ಮೂಲಕೋಶಗಳ, ಅಧ್ಯಯನಕ್ಕೆ ಅಡಿಪಾಯ ಬಿದ್ದದ್ದು ಹಾಗೆ. 1994ರಲ್ಲಿ ಅದೇ ಊರಿನ ಜಾನ್ ಡಿಕ್ ತಂಡ ರೋಗಿಗಳ ಲ್ಯುಕೇಮಿಯಾ ಕೋಶಗಳನ್ನು ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಿಗೆ ಸೇರಿಸಿತು. ಇಲಿಯಲ್ಲಿ ರೋಗ ಬೇರೂರಿಸುವ ಶಕ್ತಿಯಿದ್ದದ್ದು ಸುಮಾರು ಎರಡೂವರೆ ಲಕ್ಷ ಕೋಶಗಳಲ್ಲಿ ಒಂದಕ್ಕೆ. ಅವುಗಳ ಮೈಮೇಲೆ ಆರೋಗ್ಯವಂತ ಕಾಂಡಕೋಶಗಳಂತೆಯೇ ಸಿಡಿ34 ಎಂಬ ಪ್ರೋಟೀನ್ ಗುರುತಿತ್ತು, ಸಿಡಿ38 ಎಂಬ ಇನ್ನೊಂದು ಇರಲಿಲ್ಲ.

ಇಂಥ ಕೋಶಗಳಲ್ಲಿ ಹಲವು ವಿಭಜನೆಯಾಗದೆ ಸುಮ್ಮನೆ ಬಿದ್ದಿರುತ್ತವೆ. ಸೈಟರಾಬಿನ್ ಎಂಬ ಕೀಮೋ ಔಷಧ ಕೊಲ್ಲುವುದು ಡಿಎನ್‌ಎ ನಕಲು ಮಾಡುತ್ತಿರುವ ಕೋಶವನ್ನು. ನಕಲೇ ನಡೆಯದಿದ್ದರೆ ಔಷಧಕ್ಕೆ ಒಳಹೊಕ್ಕು ಕೆಡಿಸಲು ಏನೂ ಸಿಗುವುದಿಲ್ಲ. ಹೊಲದ ಜೇಕನ್ನು ನೋಡಿದವರಿಗೆ ಇದು ಗೊತ್ತು: ಹುಲ್ಲು ಕಿತ್ತರೆ ನೆಲ ಚೊಕ್ಕಟ, ಮಳೆ ಬಿದ್ದರೆ ಗಡ್ಡೆಯಿಂದ ಮತ್ತೆ ಚಿಗುರು.

ಹಾಗಾದರೆ ಯಾವ ರೋಗಿಗೆ ಅಪಾಯ ಹೆಚ್ಚು? 2016ರಲ್ಲಿ ಟೊರೊಂಟೊ ತಂಡ 78 ರೋಗಿಗಳ ಕೋಶಗಳನ್ನು ಬಗೆಬಗೆಯಾಗಿ ವಿಂಗಡಿಸಿ, ಇಲಿಯಲ್ಲಿ ಪರೀಕ್ಷಿಸಿ, ರೋಗ ಬೇರೂರಿಸುವ ಗುಂಪುಗಳಲ್ಲಿ ಯಾವ ಜೀನ್‌ಗಳು ಹೆಚ್ಚು ಚುರುಕಾಗಿವೆ ಎಂದು ನೋಡಿತು. ಕೊನೆಗೆ 17 ಜೀನ್‌ಗಳ ಒಂದು ಅಂಕ ಸಿದ್ಧವಾಯಿತು. ಅಂಕ ಹೆಚ್ಚಿದ್ದವರಲ್ಲಿ ಸಾಮಾನ್ಯ ಕೀಮೋ ಅಷ್ಟಾಗಿ ಫಲ ಕೊಡಲಿಲ್ಲ, ಬದುಕಿದ ಅವಧಿಯೂ ಕಡಿಮೆ. ಇದು ಜಾತಕವಲ್ಲ, ಗುಂಪಿನ ಒಲವು ಹೇಳುತ್ತದೆಯೇ ಹೊರತು ಒಬ್ಬರ ಹಣೆಬರಹವನ್ನಲ್ಲ.

ಬರೀ ಸಿಡಿ34, ಸಿಡಿ38 ಎಣಿಸಿದರೆ ಸಾಲದೇ ಎಂದರೆ, ಸಾಲದು. ಮಾನವ ಕೋಶಗಳನ್ನು ಇನ್ನಷ್ಟು ಸಲೀಸಾಗಿ ಸಹಿಸುವ ಇಲಿಗಳು ಬಂದಮೇಲೆ, ಸಿಡಿ38 ಇರುವ ಕೆಲವು ಕೋಶಗಳೂ ರೋಗ ಹುಟ್ಟಿಸಿದವು. ಮೈಮೇಲಿನ ಗುರುತು ರೋಗಿಯಿಂದ ರೋಗಿಗೆ ಬದಲಾಗುತ್ತದೆ. 17 ಜೀನ್‌ಗಳ ಅಂಕ ಆ ಗುರುತನ್ನು ನೆಚ್ಚದೆ, ಒಳಗೆ ನಡೆಯುವ ಕೆಲಸವನ್ನೇ ಅಳೆಯುತ್ತದೆ.