ಕೆಲಸ ಬಿಟ್ಟವರು ಕಟ್ಟಿದ ಕಣಿವೆ

1957ರಲ್ಲಿ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ, ಇಂದಿನ ಸಿಲಿಕಾನ್ ವ್ಯಾಲಿಯಲ್ಲಿ, ಸೆಮಿಕಂಡಕ್ಟರ್ (ಚಿಪ್‌ಗಳ ಮೂಲವಸ್ತು) ಪ್ರಯೋಗಾಲಯವೊಂದರ ಎಂಟು ಮಂದಿ ಒಟ್ಟಿಗೆ ಕೆಲಸ ಬಿಟ್ಟರು. ಅದರ ಮುಖ್ಯಸ್ಥ ವಿಲಿಯಂ ಶಾಕ್ಲಿ ನೊಬೆಲ್ ಪಡೆದ ವಿಜ್ಞಾನಿ, ಆದರೆ ಅವರ ಕೈಕೆಳಗೆ ದುಡಿಯುವುದು ಸಾಕುಬೇಕಾಗಿತ್ತು. ಬಂಡವಾಳ ಹುಡುಕಿಕೊಡಲು ಒಪ್ಪಿದ ಆರ್ಥರ್ ರಾಕ್ ಬಳಿ ಕರಾರುಪತ್ರ ಇರಲಿಲ್ಲ. ಒಂದು ಡಾಲರಿನ ನೋಟುಗಳನ್ನು ಮೇಜಿನ ಮೇಲಿಟ್ಟು, ಪ್ರತಿಯೊಂದರ ಮೇಲೂ ಎಲ್ಲರೂ ಸಹಿ ಹಾಕಿದರು. ಹಾಗೆ ಹುಟ್ಟಿದ್ದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್. ಅವರಲ್ಲೇ ಇಬ್ಬರು, ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್, 1968ರಲ್ಲಿ ಅದನ್ನೂ ಬಿಟ್ಟು ಇಂಟೆಲ್ ಶುರುಮಾಡಿದರು. ಮತ್ತೊಬ್ಬರು, ಯೂಜಿನ್ ಕ್ಲೈನರ್, 1972ರಲ್ಲಿ ಹೊಸ ಕಂಪನಿಗಳಿಗೆ ಹಣ ಹಾಕುವ ಸಂಸ್ಥೆಗೇ ಕೈಹಾಕಿದರು.

ಸಿಲಿಕಾನ್ ವ್ಯಾಲಿಯ ಕಥೆಯನ್ನು ಸಾಮಾನ್ಯವಾಗಿ ಸ್ಟ್ಯಾನ್‌ಫರ್ಡ್‌ನಿಂದ ಶುರುಮಾಡುತ್ತಾರೆ. ತಪ್ಪಲ್ಲ. ಅಲ್ಲಿನ ಎಂಜಿನಿಯರಿಂಗ್ ಡೀನ್ ಫ್ರೆಡರಿಕ್ ಟರ್ಮನ್ ಅವರ ಒತ್ತಾಸೆಯಿಂದ 1951ರಲ್ಲಿ ವಿಶ್ವವಿದ್ಯಾಲಯದ ಜಮೀನಿನಲ್ಲೇ ಕೈಗಾರಿಕಾ ಪಾರ್ಕ್ ತಲೆಯೆತ್ತಿತು. ಆರಂಭದ ದುಬಾರಿ ಚಿಪ್‌ಗಳನ್ನು ಕೊಂಡವರು ಕ್ಷಿಪಣಿ ಮತ್ತು ಅಪೊಲೊ ಯೋಜನೆಗಳವರು, ಅಂದರೆ ಸರ್ಕಾರ.

ಆದರೆ ಇವೆಲ್ಲ ಬಾಸ್ಟನ್ ಸುತ್ತಲಿನ ರೂಟ್ 128 ಹೆದ್ದಾರಿಯ ಆಸುಪಾಸಿನಲ್ಲೂ ಇದ್ದವು. ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯ ಇತ್ತು, ರಕ್ಷಣಾ ಇಲಾಖೆಯ ದುಡ್ಡಿತ್ತು. ಹಳೆಯ ಉಣ್ಣೆ ಗಿರಣಿಯೊಂದರಲ್ಲಿ 1957ರಲ್ಲೇ ಆರಂಭವಾದ ಡಿಇಸಿ (ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್) ಮಿನಿಕಂಪ್ಯೂಟರಿನ ದೈತ್ಯನಾಗಿ ಬೆಳೆಯಿತು. ಪರ್ಸನಲ್ ಕಂಪ್ಯೂಟರ್ ಬಂದಾಗ ಅಲ್ಲಿನ ದೊಡ್ಡ ಕಂಪನಿಗಳು ತತ್ತರಿಸಿದವು: ಕಂಪ್ಯೂಟರ್ ಕಂಪನಿ ವಾಂಗ್ 1992ರಲ್ಲಿ ದಿವಾಳಿ ಅರ್ಜಿ ಹಾಕಿತು, ಡಿಇಸಿ 1998ರಲ್ಲಿ ಕಾಂಪ್ಯಾಕ್ ಪಾಲಾಯಿತು.

ವ್ಯತ್ಯಾಸದ ಒಂದು ಎಳೆ ಕಾನೂನಿನಲ್ಲಿದೆ. ಕೆಲಸ ಬಿಟ್ಟವರು ಪ್ರತಿಸ್ಪರ್ಧಿ ಕಂಪನಿ ಸೇರಬಾರದೆಂಬ ಕರಾರು ಕ್ಯಾಲಿಫೋರ್ನಿಯಾದಲ್ಲಿ 1872ರಿಂದಲೂ ಬಹುತೇಕ ಅಸಿಂಧು, ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್‌ನಲ್ಲಿ ಊರ್ಜಿತ. ಚಿಪ್ ಎಂಬುದೇ ಇಲ್ಲದ ಕಾಲದಲ್ಲಿ ಬರೆದಿಟ್ಟ ಕಲಮು ಇದು, ಯಾರ ದೂರದೃಷ್ಟಿಯೂ ಅಲ್ಲ! ಅದೊಂದೇ ಕಾರಣ ಎನ್ನಲಾರೆ. ಆದರೂ ಒಂದು ಕಂಪನಿ ಮುಳುಗಿದಾಗ ಅಲ್ಲಿ ಕಲಿತ ವಿದ್ಯೆ ಪಕ್ಕದ ಕಂಪನಿಗೆ ದಾಟುವ ದಾರಿ ಒಂದು ಕಡೆ ತೆರೆದಿತ್ತು, ಇನ್ನೊಂದು ಕಡೆ ಇಕ್ಕಟ್ಟಾಗಿತ್ತು.

ಹೈಟೆಕ್ ನಗರ ಕಟ್ಟಲು ಹೊರಟ ಸರ್ಕಾರಗಳು ಹೆಚ್ಚಾಗಿ ನಕಲು ಮಾಡಿದ್ದು ಪಾರ್ಕನ್ನು. ಟೇಪು ಕತ್ತರಿಸಲು ಅದೇ ಸುಲಭ. ತೈವಾನ್ ಮಾತ್ರ ಮೊದಲು ಜನರನ್ನು ತಯಾರು ಮಾಡಿತು. ಚಿಪ್ ತಯಾರಿಕೆ ಕಲಿಯಲು 1976ರಲ್ಲಿ ಎಂಜಿನಿಯರುಗಳನ್ನು ಅಮೆರಿಕದ ಆರ್‌ಸಿಎ ಕಂಪನಿಗೆ ಕಳಿಸಿತು. ಶಿನ್‌ಚು ಪಾರ್ಕ್ ತೆರೆದದ್ದು 1980ರಲ್ಲಿ. ಸರ್ಕಾರಿ ಸಂಶೋಧನಾ ಸಂಸ್ಥೆಯ ತಂತ್ರಜ್ಞಾನ ಮತ್ತು ಸಿಬ್ಬಂದಿಯೊಂದಿಗೆ, ಬೇರೆಯವರಿಗಾಗಿ ಚಿಪ್ ತಯಾರಿಸಿಕೊಡುವ ಟಿಎಸ್‌ಎಂಸಿ ಹುಟ್ಟಿದ್ದು 1987ರಲ್ಲಿ.

ಮ್ಯಾಸಚೂಸೆಟ್ಸ್ ಅಂಥ ಕರಾರುಗಳ ಅವಧಿಗೆ ಸಾಮಾನ್ಯವಾಗಿ 12 ತಿಂಗಳ ಮಿತಿ ಹಾಕಿದ್ದು 2018ರಲ್ಲಿ. ಡಿಇಸಿ ಮಾರಾಟವಾಗಿ ಆಗಲೇ 20 ವರ್ಷ ಕಳೆದಿತ್ತು.