‘ಪೌಟ್’ ಎಂಬ ಪದದ ಹಿಂದೆ ಏನಿದೆ?

1872ರಲ್ಲಿ ಚಾರ್ಲ್ಸ್ ಡಾರ್ವಿನ್ ಒಂದು ಪುಸ್ತಕ ತಂದರು. ಮನುಷ್ಯರ ಮತ್ತು ಪ್ರಾಣಿಗಳ ಭಾವನೆಗಳು ಮುಖದಲ್ಲಿ ಹೇಗೆ ಕಾಣುತ್ತವೆ ಎಂಬುದೇ ಅದರ ವಿಷಯ. ಅದರಲ್ಲೊಂದು ಚಿಂಪಾಂಜಿಯ ಚಿತ್ರವಿದೆ. ಅದಕ್ಕೆ ಕಿತ್ತಳೆ ಹಣ್ಣು ಕೊಡುವಂತೆ ಚಾಚಿ ಹಿಂದಕ್ಕೆ ತೆಗೆದುಕೊಂಡಿದ್ದರಂತೆ. ಚಿಂಪಾಂಜಿಯ ತುಟಿಗಳು ಮುಂದಕ್ಕೆ ಬಂದಿವೆ. ಮುನಿಸಿಕೊಂಡ ಮಗುವಿನ ತುಟಿಯೂ ಹೀಗೇ ಮುಂದೆ ಬರುತ್ತದೆ, ಅಲ್ವಾ? ಎರಡಕ್ಕೂ ನಂಟಿದೆ ಎಂದು ಡಾರ್ವಿನ್ ಬರೆದರು. ಸುಮ್ನೆ ಊಹಿಸಿ ಬರೆದದ್ದಲ್ಲ. 1867ರಲ್ಲೇ ಬೇರೆ ಬೇರೆ ದೇಶಗಳಲ್ಲಿದ್ದವರಿಗೆ ಪ್ರಶ್ನೆಪಟ್ಟಿ ಕಳಿಸಿದ್ದರು. ನಿಮ್ಮಲ್ಲಿ ಮಕ್ಕಳು ಮುನಿಸಿಕೊಂಡಾಗ ತುಟಿ ಮುಂದೆ ಮಾಡುತ್ತಾರಾ ಎಂಬುದೂ ಅದರಲ್ಲಿತ್ತು.

ಈ ಮುಖಕ್ಕೆ ಇಂಗ್ಲಿಷಿನಲ್ಲಿ ‘ಪೌಟ್’ ಎನ್ನುತ್ತಾರೆ. ನಾವು ಮೂತಿ ಊದಿಸಿಕೊಳ್ಳುವುದು ಅನ್ನುತ್ತೇವಲ್ಲ, ಹೆಚ್ಚುಕಮ್ಮಿ ಅದೇ.

ಪದ ಇಂಗ್ಲಿಷಿನಲ್ಲಿ ಕಾಣಿಸಿಕೊಂಡದ್ದು 14ನೇ ಶತಮಾನದಲ್ಲಿ. ಅದರ ಬೇರು ಸ್ಕ್ಯಾಂಡಿನೇವಿಯಾ ಕಡೆಯದು ಎಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಸ್ವೀಡನ್ನಿನ ಆಡುಮಾತಿನಲ್ಲಿ ‘ಪುಟಾ’ ಎಂದರೆ ಉಬ್ಬಿಕೊಳ್ಳುವುದು. ಹಳೆಯ ಇಂಗ್ಲಿಷಿನಲ್ಲಿ ಒಂದು ಮೀನಿಗೆ ‘ಏಲೆಪೂಟೆ’ ಎಂಬ ಹೆಸರಿತ್ತು. ಅದರಲ್ಲೂ ಇದೇ ‘ಉಬ್ಬಿದ್ದು’ ಎಂಬ ಅರ್ಥ ಅಡಗಿದೆ ಎನ್ನುತ್ತಾರೆ. ‘ಪೌಟರ್’ ಎಂಬ ಸಾಕು ಪಾರಿವಾಳವೂ ಇದೆ. ಗಂಟಲ ಕೆಳಗಿನ ಚೀಲವನ್ನು ಗಾಳಿ ತುಂಬಿದ ಚೆಂಡಿನಷ್ಟು ಉಬ್ಬಿಸುತ್ತದೆ. ಡಾರ್ವಿನ್ ಪಾರಿವಾಳಗಳನ್ನೂ ಸಾಕಿದ್ದರು. 1859ರ ಅವರ ಪ್ರಸಿದ್ಧ ಪುಸ್ತಕದ ಮೊದಲ ಅಧ್ಯಾಯದಲ್ಲೇ ಈ ಪೌಟರ್ ಬರುತ್ತದೆ. ನನಗೆ ಇಷ್ಟವಾಗುವುದು ಇದೇ. ಮುನಿಸಿನ ಈ ಮುಖಕ್ಕೆ ಹೆಸರು ಕೊಟ್ಟದ್ದು ಮನಸ್ಸಿನ ಸಂಕಟವಲ್ಲ, ಕಣ್ಣಿಗೆ ಕಾಣುವ ಉಬ್ಬು.

ಫ್ರೆಂಚಿನಲ್ಲಿ ಮುನಿಸಿಕೊಳ್ಳುವುದಕ್ಕೆ ‘ಬುದೆ’ ಎಂಬ ಪದವಿದೆ. ಹೆಂಗಸರ ಖಾಸಗಿ ಕೋಣೆಗೆ ಇಂಗ್ಲಿಷಿನವರು ಬಳಸುವ ‘ಬುದ್ವಾರ್’ ಹುಟ್ಟಿದ್ದು ಅದರಿಂದಲೇ. ಮುನಿಸಿಕೊಂಡು ಕೂರುವ ಕೋಣೆ ಎಂದು ಅದರ ಮೂಲ ಅರ್ಥ. ಕೈಕೇಯಿಯ ಕೋಪಗೃಹ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತುಟಿ ಉಬ್ಬಿಸುವುದು ಮಕ್ಕಳ, ಹೆಂಗಸರ ಚಾಳಿ ಎಂಬ ಭಾವನೆ ಈಗ ಜಾಸ್ತಿ. ಇದು ಸರಿಯಲ್ಲ. ಷೇಕ್ಸ್‌ಪಿಯರನ ‘ಕೊರಿಯೊಲೇನಸ್’ ನಾಟಕದಲ್ಲಿ ಮೆನೇನಿಯಸ್ ಎಂಬ ಹಿರಿಯ ಈ ಪದ ಬಳಸುತ್ತಾನೆ. ಅವನು ಆಡುತ್ತಿರುವುದು ರೋಮಿನ ಮಹಾ ಸೇನಾನಿಯ ಬಗ್ಗೆ. ಅವನಿನ್ನೂ ಊಟ ಮಾಡಿರಲಿಲ್ಲ, ಹೊಟ್ಟೆ ಖಾಲಿಯಿದ್ದಾಗ ನಾವು ಬೆಳಗಿನ ಮೇಲೂ ಮುನಿಸಿಕೊಳ್ಳುತ್ತೇವೆ, ಏನನ್ನೂ ಕೊಡಲು, ಯಾರನ್ನೂ ಕ್ಷಮಿಸಲು ಮನಸ್ಸು ಬರುವುದಿಲ್ಲ ಎನ್ನುತ್ತಾನೆ. ಹಸಿವಿನ ಸಿಡುಕನ್ನು ಇಷ್ಟು ಚೆನ್ನಾಗಿ ಹೇಳಿದ ಮಾತು ಕಡಿಮೆ.

ಅರ್ಥ ಹೊರಳಿದ್ದು ಕ್ಯಾಮೆರಾದ ಕಾಲದಲ್ಲಿ. 1950ರ ದಶಕದಲ್ಲಿ ಫ್ರೆಂಚ್ ನಟಿ ಬ್ರಿಜಿತ್ ಬಾರ್ದೋ ಅವರ ಉಬ್ಬಿದ ತುಟಿ ಪತ್ರಿಕೆಗಳಲ್ಲಿ ಹೆಸರಾಯಿತು. ಮುನಿಸಿನ ಮುಖ ಸೊಗಸಿನ ಮುಖವೂ ಆಯಿತು. ಆಮೇಲೆ ಫೋನಿಗೆ ಮುಂದಿನ ಕ್ಯಾಮೆರಾ ಬಂತು, ಸೆಲ್ಫಿ ಬಂತು. ಈಗ ನಮ್ಮ ಹುಡುಗ ಹುಡುಗಿಯರು ಪೌಟ್ ಮಾಡುವಾಗ ಮುನಿಸು ಎಲ್ಲೂ ಇರುವುದಿಲ್ಲ. ಆದರೆ ಇಂಗ್ಲಿಷ್ ನಿಘಂಟುಗಳು ಹಳೆಯ ಅರ್ಥವನ್ನು ಬಿಟ್ಟಿಲ್ಲ. ಹಳೆಯ ಇಂಗ್ಲಿಷ್ ಕತೆಯಲ್ಲಿ ಹುಡುಗಿಯೊಬ್ಬಳು ಪೌಟ್ ಮಾಡಿದಳು ಎಂದು ಬಂದರೆ, ಅವಳಿಗೆ ಯಾರ ಮೇಲೋ ಸಿಟ್ಟು ಬಂದಿದೆ ಎಂದೇ ಓದಿಕೊಳ್ಳಬೇಕು.